ಕೊಟ್ರೇಶನ ರೈಫಲ್ಲಿಗೆ ನಾನು ಹಿಡಿದ ಅಳತೆ

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಊರ ಸುದ್ದಿ ಆಡುವ ಚಟ. ನನಗಿರುವುದು ಅಳೆಯುವ ಚಟ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾಗಿದ್ದೇನೆ, ಆದರೆ ಚಟ ನಿವೃತ್ತವಾಗಿಲ್ಲ. ನನ್ನ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತದೋ ಇಲ್ಲವೋ, ವರ್ನಿಯರ್ ಕ್ಯಾಲಿಪರ್ ಮಾತ್ರ ಇದ್ದೇ ಇರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎರಡು ದವಡೆಗಳ ನಡುವೆ ವಸ್ತುವನ್ನು ಹಿಡಿದು ಅದರ ದಪ್ಪ ಎಷ್ಟೆಂದು ಹೇಳುವ ಉಕ್ಕಿನ ಸಾಧನ ಅದು. ಶಾಲೆಯಲ್ಲಿದ್ದದ್ದು ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ತೋರಿಸುತ್ತಿತ್ತು. ನನ್ನದು ಹೊಸಪೇಟೆಯಿಂದ ಸ್ವಂತಕ್ಕೆ ತಂದದ್ದು, ಐವತ್ತನೇ ಒಂದು ಭಾಗವನ್ನು ತೋರಿಸುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಸರೋಜಾ ತಟ್ಟಿದ ಜೋಳದ ರೊಟ್ಟಿಯ ಅಂಚು ಮತ್ತು ನಡುವಿನ ದಪ್ಪವನ್ನು ಅಳೆದು, ವ್ಯತ್ಯಾಸ ಎಷ್ಟೆಂದು ಪ್ರೀತಿಯಿಂದಲೇ ಹೇಳಿದ್ದೆ. ಆಕೆ ಮೂರು ದಿನ ಅನ್ನ ಮಾತ್ರ ಮಾಡಿದಳು. ಹಂಪಸಾಗರದ ಸುತ್ತಮುತ್ತ ನನ್ನ ನಿಜವಾದ ಹೆಸರು ಈಗ ಪಿಂಚಣಿ ಪುಸ್ತಕಕ್ಕೆ ಮಾತ್ರ ಗೊತ್ತು, ಜನ ಕರೆಯುವುದು ವರ್ನಿಯರ್ ಮಾಸ್ತರ ಎಂದೇ.

ಈ ಚಟದಿಂದ ಆದ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಅದು ಕಾನೂನಿನ ಯಾವ ಕಲಮಿಗೂ ಸಿಗುವುದಿಲ್ಲ, ಆದ್ದರಿಂದ ನಾನೇ ಹೇಳದಿದ್ದರೆ ಯಾರೂ ಕೇಳುವುದಿಲ್ಲ. ಕಥೆ ನನ್ನ ವಿದ್ಯಾರ್ಥಿ ಕೊಟ್ರೇಶನದು. ನಮ್ಮ ಸೀಮೆಯಲ್ಲಿ ಕೊಟ್ರೇಶ ಎಂದು ಕೂಗಿದರೆ ಬಸ್ಸಿನಲ್ಲಿ ಅರ್ಧ ಜನ ತಿರುಗಿ ನೋಡುತ್ತಾರೆ, ಕೊಟ್ಟೂರಿನ ಬಸ್ಸಾದರೆ ಕಂಡಕ್ಟರನೂ ತಿರುಗುತ್ತಾನೆ. ನನ್ನ ಮೊದಲ ವರ್ಷದ ಹತ್ತನೇ ತರಗತಿಯಲ್ಲಿ ಐದು ಜನ ಕೊಟ್ರೇಶರಿದ್ದರು. ಇವನು ಹೊಲದಮನಿ ಕೊಟ್ರೇಶ. ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲಕ್ಕೆ ಮೂವತ್ತೈದು ತೆಗೆದುಕೊಂಡು ಸೀದಾ ಸೈನ್ಯ ಸೇರಿದ. ರಜೆಗೆ ಬಂದಾಗಲೆಲ್ಲ ನನ್ನ ಮನೆಗೆ ಬಂದು, ಬೂಟು ಹೊರಗೆ ಬಿಟ್ಟು, ಕೈಕಟ್ಟಿ ನಿಲ್ಲುತ್ತಿದ್ದ. ಮಿಲ್ಟ್ರಿಯವನಾದರೂ ನನ್ನೆದುರು ಕುರ್ಚಿಯಲ್ಲಿ ಕೂತವನಲ್ಲ.

ಅವನು ಸೈನ್ಯ ಸೇರಿ ಏಳೆಂಟು ವರ್ಷವಾಗಿದ್ದಾಗ, ಒಂದು ರಜೆಯಲ್ಲಿ ಅವನನ್ನು ಶಾಲೆಗೆ ಕರೆದೆ. ಮಕ್ಕಳಿಗೆ ಎರಡು ಮಾತು ಹೇಳು ಎಂದೆ. ದೇಶಭಕ್ತಿಯ ಭಾಷಣ ಮಾಡುತ್ತಾನೆಂದು ನಾನು ತಿಳಿದಿದ್ದರೆ, ಅವನು ಬಂದೂಕುಗಳಿಗೆ ಹೆಸರಿಡುವ ಬಗೆಯನ್ನು ಹೇಳಲು ಶುರು ಮಾಡಿದ. ಪೊಲೀಸರ ಹೆಗಲ ಮೇಲಿದ್ದ ಹಳೆಯ ತ್ರೀ ನಾಟ್ ತ್ರೀ ಅಂದರೆ ನಳಿಗೆಯ ಒಳಗಿನ ಅಗಲ ಒಂದು ಇಂಚಿನ ಸಾವಿರ ಪಾಲಿನಲ್ಲಿ ಮುನ್ನೂರ ಮೂರು ಪಾಲು. ಹೊಲಕ್ಕೆ ಹಂದಿ ಬಂದರೆ ಹೆದರಿಸಲು ಗೌಡರ ಮನೆಯಲ್ಲಿ ಇಡುವ ಹನ್ನೆರಡು ಬೋರಿನ ಕೋವಿಯದು ಬೇರೆಯದೇ ಲೆಕ್ಕ. ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಆ ನಳಿಗೆಯಲ್ಲಿ ಸರಿಯಾಗಿ ಕೂಡುತ್ತದೆ. ಹಾಗಾದರೆ ಇಪ್ಪತ್ತು ಬೋರಿನ ಕೋವಿ ಇನ್ನೂ ದೊಡ್ಡದೇ ಎಂದು ನಾನು ಕೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಇಲ್ರಿ ಸರ, ಅಷ್ಟ ಹಿಟ್ಟಿನಾಗ ಇಪ್ಪತ್ತು ರೊಟ್ಟಿ ಮಾಡಿದ್ರ ಸಣ್ಣವು ಆಗ್ತಾವು," ಎಂದಳು. ತರಗತಿ ನಕ್ಕಿತು. ರೊಟ್ಟಿಯ ವಿಷಯದಲ್ಲಿ ನನಗೆ ಮೊದಲೇ ಸೋಲು ಬರೆದಿತ್ತು.

ಆಮೇಲೆ ಕೊಟ್ರೇಶ ತನ್ನ ರೈಫಲ್ಲಿನ ಮಾತಿಗೆ ಬಂದ. ಅದು ಸೆವೆನ್ ಸಿಕ್ಸ್ ಟು, ಅಂದರೆ ಏಳು ಪಾಯಿಂಟ್ ಆರು ಎರಡು ಮಿಲಿಮೀಟರ್. ಆದರೆ ಅಷ್ಟೇ ಹೇಳಿದರೆ ಸಾಲದು, ಯಾಕೆಂದರೆ ಆ ಹೆಸರಿನ ತೋಟಾಗಳು ಬೇರೆ ಬೇರೆ ಇವೆ. ಒಂದರ ಮದ್ದು ತುಂಬುವ ಕೊಳವೆಯ ಉದ್ದ ಐವತ್ತೊಂದು ಮಿಲಿಮೀಟರ್, ಇನ್ನೊಂದರದು ಮೂವತ್ತೊಂಬತ್ತು. ಒಂದು ರೈಫಲ್ಲಿನದು ಇನ್ನೊಂದರಲ್ಲಿ ನಡೆಯುವುದಿಲ್ಲ. ಅದಕ್ಕೇ ಅಗಲದ ಪಕ್ಕದಲ್ಲಿ ಉದ್ದವನ್ನೂ ಬರೆಯುತ್ತಾರೆ. "ನಮ್ಮ ಕ್ಲಾಸಿನಾಗ ಐದು ಮಂದಿ ಕೊಟ್ರೇಶರಿದ್ವಲ್ರಿ ಸರ, ಹಂಗ. ಬರೇ ಕೊಟ್ರೇಶ ಅಂದ್ರ ಯಾರು? ಹೊಲದಮನಿ ಕೊಟ್ರೇಶ ಅನ್ನಬೇಕು. ನಂದು ಸೆವೆನ್ ಸಿಕ್ಸ್ ಟು, ಫಿಫ್ಟಿ ಒನ್," ಎಂದ. ಇಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಹೇಳಿರಲಿಲ್ಲ. ಹುಡುಗರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಇದು ನನಗೆ ಸಂತೋಷ ಕೊಡಬೇಕಿತ್ತು. ಕೊಡಲಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಪ್ರಯೋಜನ?

ಅವನು ಜೇಬಿನಿಂದ ಒಂದು ಸಣ್ಣ ತಾಮ್ರದ ಬಣ್ಣದ ಗುಂಡನ್ನು ತೆಗೆದು ಮೇಜಿನ ಮೇಲಿಟ್ಟ. ಹಾರಿಸಿ ಮುಗಿದ ಗುಂಡು. ಗುರಿ ಅಭ್ಯಾಸದ ಮಣ್ಣುದಿಬ್ಬದಲ್ಲಿ ಸಿಕ್ಕಿದ್ದನ್ನು ಸಾಹೇಬರನ್ನು ಕೇಳಿ ನೆನಪಿಗೆ ಇಟ್ಟುಕೊಂಡಿದ್ದನಂತೆ. ಮೂತಿ ಚೂರು ನಜ್ಜಾಗಿತ್ತು, ಹಿಂಭಾಗ ಸರಿಯಾಗಿತ್ತು, ಮೈಮೇಲೆ ಉದ್ದಕ್ಕೆ ಓರೆ ಗೀರುಗಳಿದ್ದವು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕ್ಯಾಲಿಪರ್ ತೆಗೆದೆ, ಹಿಡಿದೆ, ಕಿಟಕಿಯ ಬೆಳಕಿಗೆ ತಿರುಗಿಸಿ ಓದಿದೆ. ಏಳು ಪಾಯಿಂಟ್ ಎಂಟು ಎರಡು! ಇನ್ನೊಮ್ಮೆ ಓದಿದೆ. ಅಷ್ಟೇ. ಬೋರ್ಡಿನ ಮೇಲೆ ದೊಡ್ಡದಾಗಿ 7.82 ಎಂದು ಬರೆದು, "ನೋಡ್ರಪಾ, ಸರ್ಕಾರ ಹೇಳಿದ್ರೂ ಸೈ, ಸೈನ್ಯ ಹೇಳಿದ್ರೂ ಸೈ, ವಿಜ್ಞಾನದಾಗ ಅಳದು ನೋಡಬೇಕು. ಕೊಟ್ರೇಶ ಇಷ್ಟು ವರ್ಷ ಹೆಗಲ ಮ್ಯಾಲೆ ಹೊತ್ತಾನ, ಒಂದು ದಿನ ಅಳದಿಲ್ಲ," ಎಂದೆ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಕೊಟ್ರೇಶ ಏನೋ ಹೇಳಲು ಬಾಯಿ ತೆರೆದ. ಹುಡುಗರ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ, "ನೀವು ಅಳದದ್ದು ಖರೇನ ಇರಬೋದ್ರಿ ಸರ," ಎಂದು ನಕ್ಕು ಗುಂಡನ್ನು ಜೇಬಿಗೆ ಹಾಕಿಕೊಂಡ. ಆಮೇಲೂ ರಜೆಗೆ ಬಂದಾಗ ಮನೆಗೆ ಬರುತ್ತಿದ್ದ, ಶಾಲೆಗೆ ಮಾತ್ರ ಬರಲಿಲ್ಲ. ಬಿಡುವಿರಲಿಲ್ಲವೇನೋ ಎಂದುಕೊಂಡೆ. ಈ ಪ್ರಸಂಗವನ್ನು ನಾನು ನಿವೃತ್ತನಾಗುವವರೆಗೆ ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳಿದ್ದೇನೆ, ಪ್ರತಿ ವರ್ಷವೂ ಚಪ್ಪಾಳೆ ಗಿಟ್ಟಿಸಿದ್ದೇನೆ.

ಕೊಟ್ರೇಶ ಹವಾಲ್ದಾರನಾಗಿ ನಿವೃತ್ತನಾಗಿ ಬಂದು, ಊರ ಹೊರಗಿನ ತನ್ನ ಹೊಲದಲ್ಲಿ ಈರುಳ್ಳಿ, ಮೆಕ್ಕೆಜೋಳ ಬೆಳೆದುಕೊಂಡು ಇಪ್ಪತ್ತು ವರ್ಷ ಬದುಕಿದ. ಹೋದ ವರ್ಷ ಜ್ವರವೆಂದು ಮಲಗಿದವನು ಏಳಲಿಲ್ಲ. ನನಗಿಂತ ಚಿಕ್ಕವನು. ಅವನ ಹೆಣದ ಮುಂದೆ ಹೋಗಿ ನಿಂತೆ. ಅವನು ನನ್ನೆದುರು ಮಲಗಿದ್ದು ಅದೊಂದೇ ಸಲ.

ಹನ್ನೊಂದನೇ ತಿಂಗಳಿಗೆ ಅವನ ಹೆಂಡತಿ ಹಾಲಮ್ಮ ನಮ್ಮ ಮನೆಗೆ ಬಂದಳು. ವರ್ಷದ ದಿನ ಹೊಲದ ಬದುವಿನ ಮೇಲೆ ಒಂದು ಕಲ್ಲು ನಿಲ್ಲಿಸಬೇಕು, ಅದರ ಮೇಲಿನ ಬರಹವನ್ನು ನಾನು ಬರೆದುಕೊಡಬೇಕು. ಬಾಗಳಿಯ ಗುಡಿಗೆ ಹೋದಾಗ ಗಂಡ ಆಕೆಗೆ ವೀರಗಲ್ಲು ತೋರಿಸಿ, ಕತ್ತಿ ಹಿಡಿದವನು ಯಾರು, ಕುದುರೆ ಯಾರದು ಎಂದೆಲ್ಲ ಹೇಳಿದ್ದನಂತೆ. ಅಂಥದ್ದೇ ಕಲ್ಲು ಬೇಕು. ಊರಿನ ಹಿರಿಯರೊಬ್ಬರು, ಯುದ್ಧದಲ್ಲಿ ಮಡಿದವರಿಗೆ ಕಲ್ಲು ನಿಲ್ಲಿಸುವುದು ಸರಿ, ಜ್ವರದಲ್ಲಿ ಸತ್ತವನಿಗೆ ಎಂಥ ವೀರಗಲ್ಲು ಎಂದಿದ್ದರು. ಹಾಲಮ್ಮ ಅದನ್ನು ನನ್ನ ಮುಂದೆ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಜೀವಂತ ತಿರುಗಿ ಬಂದದ್ದು ತಪ್ಪೇನ್ರಿ ಮಾಸ್ತರ? ಹೊಲ ನಮ್ಮದು, ಬದುವು ನಮ್ಮದು, ಕಲ್ಲೂ ನಮ್ಮದ. ಅವ್ರ ಜೋಡಿ ಇದ್ದ ನಾಲ್ಕು ಮಂದಿ ಕೂಡ್ಲಿಗಿಯಿಂದ, ಹರಪನಹಳ್ಳಿಯಿಂದ ಬರ್ತಾರ. ಅವ್ರ ಮುಂದ ಕಲ್ಲು ಸುಳ್ಳು ಹೇಳಬಾರ್ದು ನೋಡ್ರಿ, ಅಷ್ಟ."

ಕೆತ್ತುವ ಕೆಲಸ ಹಡಗಲಿ ರಸ್ತೆಯ ಮೌನೇಶನದು. ನಂದಿ, ಒರಳು, ಮನೆಯ ಹೆಸರಿನ ಫಲಕಗಳಲ್ಲಿ ಅವನ ಕೈ ಪಳಗಿದೆ, ಮಿಲ್ಟ್ರಿಯ ಕೆಲಸ ಇದೇ ಮೊದಲು. ಅವನು ಕೆತ್ತಿದ ಸೈನಿಕನ ಮೀಸೆ ಹುಬೇಹೂಬು ಕೊಟ್ರೇಶನದೇ ಆಗಿತ್ತು, ಆದರೆ ಕೈಯಲ್ಲಿದ್ದ ರೈಫಲ್ಲು ಒನಕೆಯ ಹಾಗಿತ್ತು. ಗಡಿಯಲ್ಲಿ ನಿಂತು ಭತ್ತ ಕುಟ್ಟಲು ಹೊರಟವನ ಹಾಗೆ ಕಾಣುತ್ತಿದ್ದ. ಆದ್ದರಿಂದ ಅದು ರೈಫಲ್ಲು ಎಂದು ಗೊತ್ತಾಗಲು ಕೆಳಗೆ ನಂಬರ್ ಹಾಕಿಸಬೇಕೆಂದು ಹಾಲಮ್ಮನೇ ಹೇಳಿದಳು. ಹವಾಲ್ದಾರ್ ಕೊಟ್ರೇಶ, ಸೆವೆನ್ ಸಿಕ್ಸ್ ಟು ಹಿಡಿದು ಗಡಿ ಕಾದವನು, ತಿರುಗಿ ಬಂದು ಈ ಹೊಲ ಉತ್ತವನು. ಮಾತುಗಳನ್ನು ಹೊಂದಿಸಿದವನು ನಾನು, ನಂಬರ್ ಆಕೆಯದು.

ಮನೆಯಲ್ಲಿ ಕೂತು ಅಚ್ಚುಕಟ್ಟಾಗಿ ಬರೆಯುವಾಗ ನನ್ನ ಪೆನ್ನು ಆ ಅಂಕಿಯ ಹತ್ತಿರ ನಿಂತಿತು. ಕಲ್ಲು ಸುಳ್ಳು ಹೇಳಬಾರದು ಎಂದಿದ್ದಳಲ್ಲ? ಕಾಗದದ ತಪ್ಪನ್ನು ಅಳಿಸಬಹುದು, ಕಲ್ಲಿನ ತಪ್ಪು ನೂರಾರು ವರ್ಷ ಇರುತ್ತದೆ. ನಾನು ನನ್ನ ಕೈಯಾರೆ ಅಳೆದಿದ್ದೆ, ನನ್ನ ಕಣ್ಣಾರೆ ನೋಡಿದ್ದೆ. ಗುರುವಾದವನು ಶಿಷ್ಯನಿಗೆ ಕೊನೆಗೆ ಮಾಡಬಹುದಾದ ಉಪಕಾರವೆಂದರೆ ಅವನ ಲೆಕ್ಕವನ್ನು ತಿದ್ದಿಕೊಡುವುದು. ಹೀಗೆಲ್ಲ ಯೋಚಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಇಂಗ್ಲಿಷ್ ಅಂಕಿಯಲ್ಲಿ 7.82 ಎಂದು ಬರೆದು ಮೌನೇಶನಿಗೆ ಕೊಟ್ಟುಬಂದೆ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸವನ್ನು ಹೇಳಿಕೊಂಡು ತಿರುಗಬಾರದೆಂಬ ವಿನಯ!

ವರ್ಷದ ದಿನಕ್ಕೆ ಎರಡು ದಿನ ಉಳಿದಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಹಾಲಮ್ಮ ಬಂದಳು. ಸರೋಜಾ ಚಹಾ ತರುತ್ತೇನೆಂದರೂ ಬೇಡವೆಂದಳು. ಆಕೆಗೆ ಅಕ್ಷರ ಬರುವುದಿಲ್ಲ, ಅಂಕಿಗಳು ಚೆನ್ನಾಗಿ ಬರುತ್ತವೆ.

"ಮಾಸ್ತರ, ಮೌನೇಶಣ್ಣ ಆರು ಇರೋ ಜಾಗದಾಗ ಎಂಟು ಹೊಡದಾನ. ಕೇಳಿದ್ರ, ಸರ್ ಬರದುಕೊಟ್ಟದ್ದ ಹಂಗ ಐತಿ ಅಂತಾನ. ಕಾಗದ ತೋರಿಸಿದ. ಹೌದು, ಎಂಟ ಐತಿ."

ನಾನು ಶಾಂತವಾಗಿ, ತರಗತಿಯ ದನಿಯಲ್ಲಿ ವಿವರಿಸಿದೆ. ಸೈನ್ಯದವರು ಬಾಯಿಮಾತಿನಲ್ಲಿ ಹೇಳುವುದು ಒಂದು, ನಿಜವಾದ ಅಳತೆ ಇನ್ನೊಂದು, ನಾನು ಬಹಳ ಹಿಂದೆಯೇ ಅಳೆದು ನೋಡಿದ್ದೇನೆ, ಕೊಟ್ರೇಶನೂ ಒಪ್ಪಿಕೊಂಡಿದ್ದ ಎಂದೆಲ್ಲ. ಹಾಲಮ್ಮ ಸೆರಗಿನ ಗಂಟು ಬಿಚ್ಚಿ ಅದೇ ಗುಂಡನ್ನು ನನ್ನ ಮುಂದಿಟ್ಟಳು. ಎಷ್ಟೋ ವರ್ಷಗಳ ನಂತರ ನಾನು ಅದನ್ನು ನೋಡುತ್ತಿದ್ದೆ.

"ಇದರ ಮೈಮ್ಯಾಲಿನ ಗೀರು ಯಾಕ ಬಿದ್ದಾವು, ಗೊತ್ತೈತೇನ್ರಿ?"

ನನಗೆ ಗೊತ್ತಿರಲಿಲ್ಲ. ಉಜ್ಜಿ ಬಿದ್ದ ಗೀರುಗಳೆಂದು ತಿಳಿದಿದ್ದೆ.

"ನಳಿಗಿ ಒಳಗ ನಮ್ಮ ಉಳ್ಳಾಗಡ್ಡಿ ಹೊಲದಂಗ ಬೋದು, ಸಾಲು ಮಾಡಿರ್ತಾರಂತ್ರಿ," ಎಂದು ಹಾಲಮ್ಮ ಐದೂ ಬೆರಳುಗಳ ತುದಿಯಿಂದ ಗುಂಡನ್ನು ಸುತ್ತ ಹಿಡಿದಳು. "ಬೋದು ಅಂದ್ರ ಎದ್ದಿರೋದು, ಸಾಲು ಅಂದ್ರ ತಗ್ಗು. ಈ ಬೋದಿನ ನೆತ್ತಿಯಿಂದ ಎದುರಿನ ಬೋದಿನ ನೆತ್ತಿಗೆ ಅಳದ್ರ ಸೆವೆನ್ ಸಿಕ್ಸ್ ಟು. ಸಾಲಿನ ತಳದಿಂದ ತಳಕ್ಕ ಅಳದ್ರ ಚೂರು ಹೆಚ್ಚು. ಗುಂಡು ಆ ಹೆಚ್ಚಿನ ಅಳತಿಗೇ ಮಾಡಿರ್ತಾರ. ಇಲ್ಲಾಂದ್ರ ಬೋದು ಅದನ್ನ ಕಚ್ಚಿ ಹಿಡಿಯಂಗಿಲ್ಲ, ತಿರುವಂಗಿಲ್ಲ. ತಿರುಗದ ಗುಂಡು ಡೊಂಕು ಹೋಗ್ತೈತಂತ. ಹೆಸರು ಇಡೋದು ನಳಿಗಿ ನೋಡಿ, ನೀವು ಅಳದದ್ದು ಗುಂಡು. ಈಗ ಗೀರಿನಾಗ ಇಟ್ಟು ಅಳೀರಿ."

ಕ್ಯಾಲಿಪರಿನ ದವಡೆಗಳ ತುದಿ ಚೂಪಾಗಿರುತ್ತದೆ. ಒಂದು ಗೀರಿನ ತಳದಲ್ಲಿ ಒಂದು ತುದಿ, ಎದುರು ಗೀರಿನ ತಳದಲ್ಲಿ ಇನ್ನೊಂದು ತುದಿ ಇಟ್ಟೆ. ತುದಿಗಳು ಜಾರಿದ್ದರಿಂದ ಮೂರು ಸಲ ಇಡಬೇಕಾಯಿತು. ಏಳು ಪಾಯಿಂಟ್ ಆರು ಎರಡು. ಐವತ್ತನೇ ಒಂದು ಭಾಗದಷ್ಟೂ ಆಚೆಯಿಲ್ಲ, ಈಚೆಯಿಲ್ಲ. ಅಂದು ತರಗತಿಯಲ್ಲಿ ಉತ್ತರ ನನ್ನ ಕೈಯಲ್ಲೇ ಇತ್ತು, ಗುಂಡನ್ನು ಒಂದು ಎಳ್ಳಿನಷ್ಟು ತಿರುಗಿಸಿದ್ದರೆ ಸಿಗುತ್ತಿತ್ತು. ನಾನು ಅದನ್ನು ಬಿಟ್ಟು ಬೋರ್ಡಿನ ಕಡೆ ತಿರುಗಿದ್ದೆ.

"ಕೊಟ್ರೇಶಗ ಇದು ಆವತ್ತ ಗೊತ್ತಿತ್ತೇನವ್ವಾ?" ಎಂದು ಕೇಳಿದೆ.

"ಗೊತ್ತಿಲ್ಲದ ಏನ್ರಿ? ಆ ರೈಫಲ್ಲಿನ ಜೋಡಿ ಮಕ್ಕೊಂಡು ಎದ್ದೋರು ಅವ್ರು."

"ಮತ್ತ ಯಾಕ ಹೇಳ್ಲಿಲ್ಲ?"

ಹಾಲಮ್ಮ ಗುಂಡನ್ನು ಮತ್ತೆ ಕೈಗೆ ತೆಗೆದುಕೊಂಡಳು. "ನಾನೂ ಕೇಳಿದ್ದೆ. ಹೇಳಾಕ ಬಾಯಿ ತನಕ ಬಂದಿತ್ತಂತ. 'ಹುಡುಗ್ರೆಲ್ಲಾ ಸರ್ ಮುಖಾನ ನೋಡಾಕತ್ತಿದ್ರು. ನಾನು ನಾಳಿ ರೈಲು ಹತ್ತಿ ಹೋಗಾಂವ. ಅವ್ರು ನಾಳಿ ಅದ ಹುಡುಗ್ರ ಮುಂದ ನಿಂದರಬೇಕು. ಹುಡುಗ್ರು ಮಾಸ್ತರನ್ನ ನಂಬಬೇಕು' ಅಂದ್ರು. ಅಂದು ನಕ್ರು. ಆಮ್ಯಾಲ ನನ್ನ ಹೊಲಕ್ಕ ಕರಕೊಂಡು ಹೋಗಿ, ಬೋದು ತೋರಿಸಿ ಇದನ್ನೆಲ್ಲಾ ಹೇಳಿದ್ರು. ನಿಮ್ಮ ಕ್ಲಾಸಿನಾಗ ಉಳದ ಪಾಠಾನ ಯಾರಿಗಾದ್ರೂ ಹೇಳಬೇಕಿತ್ತಲ್ರಿ."

ನನಗೆ ಅಳು ಬಂತು. ಸೊಗಸಾದ ಮಾತು ಸೇರಿಸಿ ಹೇಳುವ ಧೈರ್ಯ ಈಗಿಲ್ಲ, ಬಂತು, ಅಷ್ಟೇ. ನಾನು ಗೆದ್ದೆನೆಂದು ಇಪ್ಪತ್ತೈದಕ್ಕೂ ಹೆಚ್ಚು ತರಗತಿಗಳಿಗೆ ಹೇಳಿಕೊಂಡು ಬಂದಿದ್ದೆ. ಅಷ್ಟೂ ವರ್ಷ ನನ್ನ ಮಾನವನ್ನು ಕಾವಲು ಕಾದವನು ಮೂವತ್ತೈದು ಅಂಕದ ಹುಡುಗ. ಅವನು ನನ್ನ ಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಾಗಲೆಲ್ಲ ಸೋತ ಶಿಷ್ಯನ ವಿನಯ ಎಂದುಕೊಂಡಿದ್ದೆನಲ್ಲ! ಸರೋಜಾ ಬಂದು ನೀರಿನ ಲೋಟವನ್ನು ಪಕ್ಕಕ್ಕಿಟ್ಟು, ಮೇಜಿನ ಮೇಲಿದ್ದ ಕ್ಯಾಲಿಪರನ್ನು ಎತ್ತಿಕೊಂಡು ಒಳಗೆ ಹೋದಳು.

ಆಟೋ ಹಿಡಿದು ನಾನು, ಹಾಲಮ್ಮ ಇಬ್ಬರೂ ಮೌನೇಶನಲ್ಲಿಗೆ ಹೋದೆವು. ತಪ್ಪು ನನ್ನದೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದನ್ನು ಅವನೆದುರು ಒಂದೇ ಉಸಿರಿಗೆ ಹೇಳಿದೆ. ಅವನು ಉಳಿ ಕೆಳಗಿಟ್ಟು ತಲೆ ಕೆರೆದುಕೊಂಡ.

"ಕಲ್ಲಿಗೆ ರಬ್ಬರ್ ಇಲ್ರಿ ಸರ. ಸಾಲು ಪೂರಾ ತೆಗದು ಮತ್ತ ಹೊಡಿಯಾಕ ಎಂಟು ದಿನ ಬೇಕು. ನಿಮ್ಮ ಪುಣ್ಯಾ, ಇಂಗ್ಲಿಷ್ ಅಂಕಿ ಬರದೀರಿ. ಎಂಟರ ಮ್ಯಾಲಿನ ಬಲಗಡಿ ಗೆರಿ ಮುಚ್ಚಿದ್ರ ಆರು ಆಗ್ತೈತಿ. ಕನ್ನಡ ಅಂಕಿ ಆಗಿದ್ರ ಹೊಸಾ ಕಲ್ಲ ತರಬೇಕಿತ್ತು."

ಅದೇ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಎಂಟರ ತಲೆಯ ಬಲಭಾಗಕ್ಕೆ ತುಂಬಿ, ಒಣಗಿದ ಮೇಲೆ ಉಜ್ಜಿದ. ತುಂಬಿದ್ದು ಎಷ್ಟು ಆಳ ಇದೆಯೆಂದು ಅಳೆಯುವುದಕ್ಕೆ ನನ್ನ ಕೈ ಜೇಬಿಗೆ ಹೋಯಿತು. ಜೇಬು ಖಾಲಿಯಿತ್ತು. ಹೊಸ ಕಲ್ಲನ್ನು ನಾನೇ ಮಾಡಿಸಿಕೊಡುತ್ತೇನೆ, ಸದ್ಯಕ್ಕೆ ಇದಿರಲಿ ಎಂದು ಹಾಲಮ್ಮನಿಗೆ ಹೇಳಿದೆ. "ನಡೀರಿ ಮಾಸ್ತರ, ಈಗ ಆರು ಐತಲ್ಲ," ಎಂದಳು.

ವರ್ಷದ ದಿನ ಬೆಳಿಗ್ಗೆ ಹೊಲದ ಬದುವಿನ ಮೇಲೆ ಕಲ್ಲು ನಿಂತಿತು. ದಾರಿ ತೆಂಕಣಕ್ಕಿರುವುದರಿಂದ ಕಲ್ಲಿನ ಮುಖವೂ ತೆಂಕಣಕ್ಕೆ. ಕೊಟ್ರೇಶನ ಜೊತೆಗಿದ್ದ ನಾಲ್ವರು ಬಂದಿದ್ದರು, ಎಲ್ಲರಿಗೂ ಹೊಟ್ಟೆ ಬಂದಿತ್ತು, ತಲೆ ಬೆಳ್ಳಗಾಗಿತ್ತು. ಆದರೆ ಕಲ್ಲಿನ ಮುಂದೆ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದಾಗ ಆ ಹೊಟ್ಟೆಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಹಿಂದೆ ಆಕ್ಷೇಪಿಸಿದ್ದ ಹಿರಿಯರೂ ಬಂದಿದ್ದರು, ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಹರಪನಹಳ್ಳಿಯಿಂದ ಬಂದವರೊಬ್ಬರು ಒನಕೆಯಂಥ ರೈಫಲ್ಲನ್ನು ನೋಡಿ ಮುಗುಳ್ನಕ್ಕು, ಕೆಳಗಿನ ನಂಬರಿನ ಮೇಲೆ ಬೆರಳಾಡಿಸಿದರು. ಬೆರಳು ಆರರ ಹತ್ತಿರ ಬಂದು ನಿಂತಿತು. ಉಗುರಿನಿಂದ ಆ ಜಾಗವನ್ನು ಒಮ್ಮೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. "ಕೊಟ್ರೇಶ ಯಾವಾಗ್ಲೂ ಹೇಳ್ತಿದ್ದ ಸರ್, ನೀವೇ ಅಲ್ವಾ ಆ ಸೈನ್ಸ್ ಮೇಷ್ಟ್ರು?" ಎಂದು ಕೇಳಿದರು. ಹೌದೆಂದೆ. ಅವರು ಮತ್ತೇನೂ ಕೇಳದೆ ನನ್ನ ಕಾಲು ಮುಟ್ಟಿ ನಮಸ್ಕರಿಸಿದರು. ಬಾಯಿ ಮುಚ್ಚಿಕೊಂಡಿರುವುದನ್ನೂ ಸೈನ್ಯದಲ್ಲಿ ಕಲಿಸುತ್ತಾರೆಂದು ಕಾಣುತ್ತದೆ.

ಹೊಸ ಕಲ್ಲಿನ ಮಾತನ್ನು ಆಮೇಲೆ ಎರಡು ಸಲ ಎತ್ತಿದೆ. ಹಾಲಮ್ಮ ಒಪ್ಪಲಿಲ್ಲ. ನಿಂತ ಕಲ್ಲನ್ನು ಕೀಳುವುದಿಲ್ಲ ಎಂದಳು. ಹೀಗಾಗಿ ಕಲ್ಲು ಅಲ್ಲೇ ಇದೆ, ಮೌನೇಶನ ಕೆಲಸವೂ ಗಟ್ಟಿಯಾಗಿದೆ. ಒಂದೇ ತೊಂದರೆ. ತುಂಬಿದ ಜಾಗ ಒಣಗಿ ಒಂದು ಕೂದಲೆಳೆಯಷ್ಟು ತಗ್ಗಾಗಿದೆ. ಸಂಜೆ ಐದರ ಮೇಲೆ ಬಿಸಿಲು ಪಕ್ಕದಿಂದ ಓರೆಯಾಗಿ ಬಿದ್ದಾಗ ಆ ತಗ್ಗಿನಲ್ಲಿ ಸಣ್ಣ ನೆರಳು ಮೂಡುತ್ತದೆ, ಆರರ ಒಳಗಿನಿಂದ ನನ್ನ ಎಂಟು ಮೆಲ್ಲಗೆ ಎದ್ದು ಬರುತ್ತದೆ. ಆ ಕಲ್ಲಿನ ಮೇಲೆ ನನ್ನ ಹೆಸರಿಲ್ಲ, ಆದರೂ ದಿನಾ ಸಂಜೆ ಅರ್ಧ ಗಂಟೆ ಆ ಎಂಟಾಗಿ ನಾನು ಅಲ್ಲಿರುತ್ತೇನೆ.

ಅದಕ್ಕೇ ನಾನು ಕೊಟ್ರೇಶನನ್ನು ನೋಡಲು ಹೋಗುವುದು ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿದ್ದಾಗ. ಆಗ ಅದು ಆರು. ಉರಿಬಿಸಿಲಿನಲ್ಲಿ ಛತ್ರಿ ಹಿಡಿದು ಹೊರಟ ನನ್ನನ್ನು, ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಚಪ್ಪಾಳೆ ತಟ್ಟಿದವರು ತಡೆದು, "ಈ ಬಿಸಿಲಾಗ ಎಲ್ಲಿಗ್ರಿ ಸರ?" ಎಂದು ಕೇಳುತ್ತಾರೆ. ಬಿಸಿಲಿನಿಂದ ಮೈಗೆ ಡಿ ವಿಟಮಿನ್ ಸಿಗುತ್ತದೆ, ಅದಕ್ಕೆ ಎನ್ನುತ್ತೇನೆ. ಛತ್ರಿಯ ನೆರಳಿನಲ್ಲಿ ಎಂಥ ವಿಟಮಿನ್ನು ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ. ಮಾಸ್ತರ ಹೇಳಿದ್ದಾರೆಂದರೆ ಅವರು ಈಗಲೂ ನಂಬುತ್ತಾರೆ.